ಸಖೀಜನ

ಮಹಾಕವಿ ಕಾಳಿದಾಸನ ಶಾಕುಂತಲದ ಐದನೆಯ ಅಂಕವನ್ನು ಓದಿ ಕಣ್ಣೀರಿಡದ ಸಹೃದಯರು ವಿರಳ. ತುಂಬಿದ ಸಭೆಯಲ್ಲಿ ಶಕುಂತಲೆಯು ನಡೆದುದನ್ನು ನಡೆದಂತೆಯೇ ಹೇಳುತ್ತಾಳೆ, ರಾಜನು ನಂಬುವುದಿಲ್ಲ. ಗುರುತಿನ ಉಂಗುರವೋ ನೀರುಪಾಲಾಗಿದೆ. ಕರೆತಂದ ಆಶ್ರಮವಾಸಿಗಳು ಗಂಡನಿದ್ದಲ್ಲಿಯೇ ಇರತಕ್ಕದ್ದೆಂದು ಗದರಿಸಿ ಹೊರಟುಬಿಡುತ್ತಾರೆ. ಗೌತಮಿಯ ಕರುಳು ಮರುಗಿದರೂ ಆಕೆಯೂ ಅವರೊಡನೆಯೇ ಹೊರಡುತ್ತಾಳೆ. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು: ಅನಸೂಯೆ ಪ್ರಿಯಂವದೆಯರು ಆ ಸಭೆಯಲ್ಲಿರಲಿಲ್ಲ. ಕನ್ಯೆಯರು ಅಲ್ಲಿಗೆ ಹೋಗುವುದು ಯುಕ್ತವಲ್ಲವೆಂದು ಕಣ್ವರು ಅವರನ್ನು ಆಶ್ರಮದಲ್ಲಿಯೇ ನಿಲ್ಲಿಸಿದ್ದರು. ಎಲ್ಲವನ್ನೂ ಬಲ್ಲ ಸಖಿಯರಿಲ್ಲದೆ ಶಕುಂತಲೆಯ ಸತ್ಯವು ಅನಾಥವಾಯಿತು.

ಮನೆಯೊಳಗೆ ಹೊಡೆತ ತಿಂದ, ಅಥವಾ ಬಲಾತ್ಕಾರಕ್ಕೆ ಈಡಾದ ಹೆಂಗಸಿನ ಪಾಡು ಇದಕ್ಕಿಂತ ಬೇರೆಯಲ್ಲ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನಗಳೊಡನೆ ಶಬ್ದವನ್ನೂ ಪ್ರಮಾಣವೆಂದು ಒಪ್ಪಿದ್ದಾರೆ. ಕಂಡದ್ದನ್ನು ಕಂಡಂತೆ ಹೇಳುವವರ ಮಾತೇ ಆ ಪ್ರಮಾಣ. ಆದರೆ ಈಕೆಯ ಮಾತಿಗೆ ಮಾತ್ರ ಆ ಪ್ರಾಮಾಣ್ಯ ಸಲ್ಲುವುದಿಲ್ಲ. ಅತ್ತೆಯ ಮನೆಯವರು ಸುಳ್ಳೆನ್ನುತ್ತಾರೆ. ತೌರಿನವರು "ಹೊಂದಿಕೊಂಡು ಹೋಗಮ್ಮ" ಎನ್ನುತ್ತಾರೆ. ನೆರೆಹೊರೆಯವರು ಆಕೆಯದೂ ಏನೋ ತಪ್ಪಿದ್ದೀತೆಂದು ಪಿಸುಗುಟ್ಟುತ್ತಾರೆ. ಕಡೆಗೆ ಆಕೆ ತನ್ನ ಮಾತನ್ನು ತಾನೇ ನಂಬದಂತಾಗುತ್ತಾಳೆ. ಮೈಮೇಲಿನ ಬಾಸುಂಡೆ ಮಾಯ್ದರೂ ಈ ಗಾಯ ಮಾಯುವುದಿಲ್ಲ.

ಇದಕ್ಕೆ ಕಂಡುಕೊಂಡ ಮದ್ದುಗಳಲ್ಲಿ ಸಮದುಃಖಿಗಳ ಕೂಟವೂ ಒಂದು. ಬೆಂಗಳೂರಿನಲ್ಲಿ 1979ರಲ್ಲಿ ಹುಟ್ಟಿದ ವಿಮೋಚನಾ ಎಂಬ ಸಂಸ್ಥೆಯು ನೊಂದ ಹೆಂಗಸರಿಗಾಗಿ ತೆರೆದ ನೆಲೆಗೆ 'ಅಂಗಳ'ವೆಂದು ಹೆಸರಿಟ್ಟಿತು. ಬೀದಿಗೂ ಅಡಿಗೆಮನೆಗೂ ನಡುವೆ, ನಾಲ್ವರು ಹೆಂಗಸರು ಕುಳಿತು ಸುಖದುಃಖವನ್ನಾಡಿಕೊಳ್ಳುವ ತಾಣಕ್ಕೆ ಇದಕ್ಕಿಂತ ಒಪ್ಪುವ ಹೆಸರು ದುರ್ಲಭ. 1989ರಲ್ಲಿ ಬೀದರ, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಮೊದಲಾದ ಮಹಿಳಾ ಸಮಖ್ಯಾ ಕಾರ್ಯಕ್ರಮವು ಹಳ್ಳಿಹಳ್ಳಿಗಳಲ್ಲಿ ಬಡ ಹೆಂಗಸರ ಸಂಘಗಳನ್ನು ಕಟ್ಟಿತು. ಶಿಕ್ಷಣದ ನೆಪದಿಂದ ಕೂಡಿದವರು ಮನೆಯೊಳಗಿನ ಹೊಡೆತದ ಮಾತನ್ನೂ ಆಡತೊಡಗಿದರು. ಒಬ್ಬಳೇ ಇದ್ದಾಗ ಹಣೆಬರಹವೆನಿಸಿದ್ದು ಹತ್ತು ಮಂದಿ ಹೇಳಿದಾಗ ಅನ್ಯಾಯವೆಂದು ತಿಳಿಯಿತು.

ಇಂಥ ಕೂಟದ ವಿಧಾನವು ಸರಳ. ಎಂಟು ಹತ್ತು ಮಂದಿ ವರ್ತುಲವಾಗಿ ಕುಳಿತುಕೊಳ್ಳುತ್ತಾರೆ. ಅನುಭವವುಳ್ಳ ಒಬ್ಬಾಕೆ ನಡೆಸುತ್ತಾಳೆ. ಇಲ್ಲಿ ಆಡಿದ ಮಾತು ಹೊಸ್ತಿಲು ದಾಟಕೂಡದು. "ನೀನೇಕೆ ಸಹಿಸಿಕೊಂಡೆ?" ಎಂದು ಯಾರೂ ಕೇಳಕೂಡದು. ಕೇಳದೆ ಬುದ್ಧಿ ಹೇಳಕೂಡದು. ಮಾತನಾಡಲೊಲ್ಲದವಳು ಮೌನವಾಗಿರಬಹುದು. ಹಲವು ದಿನ ತಲೆತಗ್ಗಿಸಿ ಕುಳಿತವಳು ಒಂದು ದಿನ ಮತ್ತೊಬ್ಬಳ ಕಥೆಯಲ್ಲಿ ತನ್ನದನ್ನೇ ಕಂಡು, "ನನಗೂ ಹಾಗೆಯೇ ಆಯಿತು" ಎನ್ನುತ್ತಾಳೆ. ಆ ಒಂದು ವಾಕ್ಯಕ್ಕೆ ವರ್ತುಲದಲ್ಲಿರುವವರೆಲ್ಲ ಸಾಕ್ಷಿಗಳಾಗುತ್ತಾರೆ.

ಆದರೆ ಹೇಳಿಸುವುದರಲ್ಲಿ ಆತುರ ಸಲ್ಲದು. ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರ ತಮ್ಮ ಗ್ರಂಥದಲ್ಲಿ ಚೇತರಿಕೆಯ ಮೂರು ಮೆಟ್ಟಿಲುಗಳನ್ನು ಹೇಳಿದ್ದಾರೆ: ಮೊದಲು ಅಭಯ, ಬಳಿಕ ಸ್ಮರಣೆ ಮತ್ತು ಶೋಕ, ಕಡೆಗೆ ನಿತ್ಯಜೀವನದೊಡನೆ ಮರಳಿ ಸಂಬಂಧ. ಈ ರಾತ್ರಿ ಎಲ್ಲಿ ಮಲಗಬೇಕೆಂದು ಅರಿಯದವಳಿಂದ ಹಳೆಯ ನೋವನ್ನು ಕೆದಕಿ ಹೇಳಿಸುವುದು ಮದ್ದಲ್ಲ, ಮತ್ತೊಂದು ಹಿಂಸೆ. ಆಕೆಗೆ ಮೊದಲು ಬೇಕಾದುದು ಬಾಗಿಲಿಗೊಂದು ಚಿಲಕ, ಮಕ್ಕಳಿಗೆ ಊಟ, ಕೈಯಲ್ಲಿ ನಾಲ್ಕು ಕಾಸು.

ಈ ಅಭಯವನ್ನು ಕೂಟವೊಂದೇ ಕೊಡಲಾರದು. ಅದಕ್ಕೆ ರಾಜಶಾಸನದ ಬಲ ಬೇಕು. 2005ರ ಕೌಟುಂಬಿಕ ಹಿಂಸೆಯ ವಿರುದ್ಧದ ಕಾನೂನು 2006ರ ಅಕ್ಟೋಬರ್ 26ರಂದು ಜಾರಿಗೆ ಬಂದಿತು. ಹೊಡೆತವಷ್ಟೇ ಅಲ್ಲ, ಲೈಂಗಿಕ ಹಿಂಸೆ, ಮಾತಿನ ಹಿಂಸೆ, ಹಣಕ್ಕೆ ಪರದಾಡಿಸುವ ಹಿಂಸೆ ಇವೆಲ್ಲವನ್ನೂ ಅದು ಕೌಟುಂಬಿಕ ಹಿಂಸೆಯೆಂದೇ ಎಣಿಸಿತು. ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಹೆಂಗಸಿಗೆ ಕೊಟ್ಟಿತು. ವೈದ್ಯರು, ಪೋಲೀಸರು, ವಕೀಲರು ಇವರ ನೆರವೂ ತಾತ್ಕಾಲಿಕ ಆಸರೆಯೂ ಒಂದೆಡೆಯಲ್ಲಿ ದೊರೆಯಲೆಂದು 2015ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಕೇಂದ್ರಗಳಿಗೆ 'ಸಖಿ'ಯೆಂದೇ ಹೆಸರು. ಕಾನೂನು ಬಾಗಿಲು ತೆರೆದೀತು. ಒಳಗೆ ಬಂದವಳ ಪಕ್ಕದಲ್ಲಿ ಕುಳಿತುಕೊಳ್ಳಲು ಮನುಷ್ಯರೇ ಬೇಕು.

ವಿದ್ಯಾವಂತ ಕುಟುಂಬಗಳಲ್ಲಿ ಇವೆಲ್ಲ ಇಲ್ಲವೆಂಬ ಭ್ರಮೆಯೊಂದುಂಟು. ವಾಸ್ತವವಾಗಿ ಅಲ್ಲಿ ಮನೆತನದ ಮಾನವೆಂಬ ಬೀಗ ಇನ್ನಷ್ಟು ಭಾರ. ಹೆಂಗಸಿನ ಮೌನದಿಂದ ಉಳಿಯುವ ಮಾನವು ಎಷ್ಟರ ಮಾನ? ಮಗಳೋ ಸೊಸೆಯೋ ನೆರೆಮನೆಯಾಕೆಯೋ ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲಿಗೆ ಬಂದು ನಿಂತರೆ, ಕಾರಣ ಕೇಳುವ ಮುನ್ನ ಒಳಗೆ ಕರೆದು ಕುಳ್ಳಿರಿಸಬೇಕು. ಉಂಗುರವೆಲ್ಲಿ ಎಂದು ಕೇಳದೆ ಮಾತನ್ನು ನಂಬುವವರು ಒಬ್ಬರಾದರೂ ಇದ್ದರೆ, ಆಕೆಯ ಚೇತರಿಕೆಗೆ ಅಲ್ಲಿಯೇ ಮೊದಲು.