ನಡುಗೋಡೆಯ ದೋಣಿ

ನಮ್ಮದು ಮಲೆನಾಡಿನ ಹಳೆಯ ಚೌಕಿಮನೆ. 1989ರಲ್ಲಿ ಅದು ನನಗೂ ನನ್ನ ತಮ್ಮನಿಗೂ ಪಾಲಾದಾಗ ನಡುವೆ ಒಂದು ಗೋಡೆಯೆದ್ದಿತು. ಎರಡು ಕಡೆಯ ಹೆಂಚಿನ ಮಾಡುಗಳೂ ಆ ಗೋಡೆಯತ್ತಲೇ ಇಳಿದುದರಿಂದ ಅದರ ನೆತ್ತಿಯ ಮೇಲೆ ಮೂವತ್ತಾರು ಅಡಿ ಉದ್ದದ ಕಾಂಕ್ರೀಟಿನ ದೋಣಿಯೊಂದನ್ನು ಎರೆಯಿಸಿದೆವು. ಪಟ್ಟಣವಾಸಿಗಳಾದ ವಾಚಕರಿಗೆ ಅರಿಕೆ ಮಾಡುವುದೇನೆಂದರೆ, ಈ ದೋಣಿಯು ನೀರಿನ ಮೇಲೆ ತೇಲುವುದಲ್ಲ, ನೀರನ್ನು ಹೊರುವುದು. ಹಿರಿಯರು ಈ ಕೆಲಸಕ್ಕೆ ಅಡಕೆಮರವನ್ನು ಸೀಳಿ, ತಿರುಳು ತೆಗೆದು, ದಂಬೆ ಕಟ್ಟುತ್ತಿದ್ದರು. ಅದು ಕೆಲವೇ ಮಳೆಗಾಲಗಳಲ್ಲಿ ಕೊಳೆಯುತ್ತಿತ್ತು; ಆದರೆ ಬದಲಾಯಿಸುವುದಕ್ಕೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಕಾಂಕ್ರೀಟು ಶಾಶ್ವತವೆಂದು ನಾವು ನಂಬಿದೆವು.

ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಸೋರಿಕೆ ಮೊದಲಾಯಿತು. ದೋಣಿ ಇಬ್ಬರದು, ಆದಕಾರಣ ಯಾರದೂ ಅಲ್ಲ. ನಾನು ನನ್ನ ಕಡೆಯ ಬಿರುಕಿಗೆ ಸಿಮೆಂಟು ಮೆತ್ತಿಸಿದೆನು. ಅವನು ತನ್ನ ಕಡೆಗೆ ಡಾಂಬರು ಬಳಿಯಿಸಿದನು. ಬೇಸಗೆಯ ಬಿಸಿಲಿಗೆ ಎರಡೂ ಸೀಳಿದವು. ಮಾತು ಮೊದಲೇ ವಿರಳವಾಗಿದ್ದುದು, ಆಮೇಲೆ ನಿಂತೇಹೋಯಿತು.

2019ರ ಆಗಸ್ಟಿನ ಅತಿವೃಷ್ಟಿಯಲ್ಲಿ ನೀರು ಗೋಡೆಯೊಳಗಿನಿಂದಲೇ ಇಳಿದು, ನಮ್ಮ ತಂದೆಯವರು ವಿದ್ಯಾರ್ಥಿದೆಸೆಯಲ್ಲಿ ಕೈಯಾರೆ ಪ್ರತಿಮಾಡಿಕೊಂಡಿದ್ದ ವ್ಯಾಕರಣದ ಕಟ್ಟುಗಳನ್ನು ತೋಯಿಸಿತು. ಮಸಿಯೆಲ್ಲ ಕದಡಿ ಪುಟವು ನೀಲಿಯ ಕೆರೆಯಂತಾಗಿದ್ದಿತು. ಅಂತಹ ಒಂದು ಕಟ್ಟನ್ನು ಹಿಡಿದುಕೊಂಡು, ಹದಿನೇಳು ವರ್ಷಗಳ ಮೇಲೆ, ನಾನು ತಮ್ಮನ ಬಾಗಿಲಿಗೆ ಹೋದೆನು. ಅವನು ಅದನ್ನು ನೋಡಿದನು. ಏನೂ ಹೇಳದೆ ಒಳಗೆ ಕರೆದು ತನ್ನ ಕಣಜವನ್ನು ತೋರಿಸಿದನು. ಬತ್ತವು ಮೊಳೆತಿದ್ದಿತು.

ಫಾಲ್ಗುಣದಲ್ಲಿ ತಗಡಿನ ಕೆಲಸದವನೊಬ್ಬನನ್ನು ಇಬ್ಬರೂ ಸೇರಿ ಕರೆಯಿಸಿದೆವು. ಕಲೆಯಿರುವೆಡೆಯ ಮೇಲೆಯೇ ಬಿರುಕಿರಬೇಕೆಂದು ನಾನು ಅವನಿಗೆ ಅನುಮಾನಪ್ರಯೋಗವನ್ನು ಒಪ್ಪಿಸಿದೆನು. ಅವನು ನಕ್ಕು, ದೋಣಿಯನ್ನು ಮಣ್ಣಿನ ಒಡ್ಡುಗಳಿಂದ ನಾಲ್ಕು ಭಾಗಮಾಡಿ, ಒಂದೊಂದರಲ್ಲಿಯೇ ನೀರು ನಿಲ್ಲಿಸಿದನು. ಬಿರುಕು ಕಲೆಯಿಂದ ಒಂಬತ್ತಡಿ ದೂರದಲ್ಲಿದ್ದಿತು! ಪಾಠಶಾಲೆಯಲ್ಲಿ ವರುಷಗಟ್ಟಲೆ ಹೇತ್ವಾಭಾಸಗಳನ್ನು ಉರುಹಚ್ಚಿದ ನನಗೆ ಇದು ತಕ್ಕ ಶಾಸ್ತಿ. ಬಿರುಕಿನಲ್ಲಿ ಇಳಿದ ನೀರು ಒಳಗಿನ ಕಂಬಿಯನ್ನು ತುಕ್ಕುಹಿಡಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಮೇಲೆ ಮೆತ್ತಿದ ಸಿಮೆಂಟು ಇದಕ್ಕೇನು ಮಾಡೀತು?

ಅವನು ಹಳೆಯ ದೋಣಿಯನ್ನು ಕೀಳಲಿಲ್ಲ, ಗೋಡೆ ಅಲುಗೀತೆಂದನು. ಸಡಿಲವಾದುದನ್ನು ಕೆತ್ತಿ, ಕಂಬಿಯ ತುಕ್ಕನ್ನು ಉಜ್ಜಿ ತೆಗೆದು ಬಣ್ಣ ಬಳಿದು, ಹತ್ತಡಿಗೆ ಒಂದಂಗುಲದಂತೆ ಇಳಿಜಾರು ಕೊಟ್ಟನು. ಅದು ಒಣಗಿದ ಮೇಲೆ ಡಾಂಬರಿನ ಹಾಳೆ ಹಾಸಿ, ಅದರ ಮೇಲೆ ತಗಡಿನ ಒಳದೋಣಿಯನ್ನು ಕೂರಿಸಿದನು. ಅಲ್ಯೂಮಿನಿಯಂ ಹಗುರವಲ್ಲವೇ ಎಂದು ತಮ್ಮನು ಕೇಳಿದುದಕ್ಕೆ, ಹಸಿ ಸಿಮೆಂಟಿನ ಕ್ಷಾರವು ಅದನ್ನು ತಿನ್ನುತ್ತದೆಯೆಂದೂ, ಬಿಸಿಲಿಗೆ ಅದು ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆಯೆಂದೂ ಉತ್ತರ ಬಂದಿತು. ಸತುವಿನ ಲೇಪವಿದ್ದ ಕಬ್ಬಿಣದ ತಗಡನ್ನೇ ಆರಿಸಿದೆವು. ಅದರಲ್ಲಿ ಸತುವು ತಾನು ಮೊದಲು ಸವೆದು ಕಬ್ಬಿಣವನ್ನು ಉಳಿಸುತ್ತದೆ.

ತಗಡಿನ ಅಂಚುಗಳು ಎರಡು ಕಡೆಯೂ ಹೆಂಚಿನ ಕೆಳಗೆ ಆರಂಗುಲ ಏರಿದವು. ಮೇಲಿನ ತಗಡು ಕೆಳಗಿನದರ ಮೇಲೆ, ನೀರು ಹರಿಯುವ ದಿಕ್ಕಿಗೆ ಅನುಸಾರವಾಗಿ ಕೂಡಿತು. ತಳಕ್ಕೆ ಒಂದೂ ಮೊಳೆಯಿಲ್ಲ. ಮೂವತ್ತು ಡಿಗ್ರಿ ಬಿಸಿ ಏರಿದರೆ ಅಷ್ಟುದ್ದದ ಕಬ್ಬಿಣವು ನಾಲ್ಕು ಮಿಲಿಮೀಟರಿನಷ್ಟು ಬೆಳೆಯುವುದರಿಂದ, ಅದು ಸರಿದಾಡಲು ಎಡೆ ಬೇಕು. ಕೊನೆಯಲ್ಲಿ ಅಂಚನ್ನು ತುಸು ತಗ್ಗಿಸಿದನು. ಕೊಳವೆ ಕಟ್ಟಿದರೆ ನೀರು ಹೊರಕ್ಕೇ ಬೀಳಬೇಕು, ಒಳಕ್ಕಲ್ಲ.

ಖರ್ಚನ್ನು ಸಮವಾಗಿ ಹಂಚಿಕೊಂಡೆವು. ತಂದೆಯವರ ಕಟ್ಟುಗಳಲ್ಲಿ ಮೂರು ಮಾತ್ರ ಓದಲು ಬರುತ್ತವೆ, ಉಳಿದುದು ಹೋಯಿತು. ಹಲಸಿನ ಎಲೆಗಳು ಪ್ರತಿ ವರ್ಷವೂ ದೋಣಿಯಲ್ಲಿ ತುಂಬುತ್ತವೆ. ಏಣಿಯು ನಮ್ಮ ಪಾಲಿನ ಅಟ್ಟದಲ್ಲಿದೆ. ಹತ್ತುವ ಕಾಲುಗಳು ತಮ್ಮನ ಮೊಮ್ಮಗನವು. ಮಿಥುನಮಾಸ ಹತ್ತಿರವಾದಾಗ ಅವನು ಬಂದು ಏಣಿಯನ್ನು ಕೇಳುತ್ತಾನೆ, ನಾನು ಬುಡವನ್ನು ಹಿಡಿದುಕೊಳ್ಳುತ್ತೇನೆ.