ಮುಚ್ಚಳ ನಡುಗುವ ಸ್ವರ

ಕಮ್ಮರಡಿ ಕಡೆ ಮಳೆಗಾಲದಲ್ಲಿ ಹಾಡು ಕೇಳುತ್ತೇನೆ ಅಂತ ಯಾರಾದರೂ ಹೇಳಿದರೆ, ಮನೆಗೆ ಹೆಂಚೋ ತಗಡೋ ಅಂತ ಮೊದಲು ವಿಚಾರಿಸಬೇಕು. ಹೆಂಚಾದರೆ ಅಡ್ಡಿಯಿಲ್ಲ, ಅರ್ಧವಾದರೂ ಕಿವಿಗೆ ಬೀಳುತ್ತದೆ. ತಗಡಾದರೆ ಎದುರಿಗೆ ಕೂತವರ ಬೈಗುಳವೂ ಕೇಳಿಸುವುದಿಲ್ಲ. ಎಷ್ಟೋ ಸಂಸಾರಗಳು ಉಳಿದುಕೊಂಡಿರುವುದು ಹಾಗೇ ಇರಬೇಕು! ಆದರೆ ವರ್ಷಕ್ಕೆ 7,000 ಮಿಲಿಮೀಟರ್ ದಾಟಿಸುವ ಆಗುಂಬೆಯನ್ನು ಪಕ್ಕದಲ್ಲಿಟ್ಟುಕೊಂಡು ನಾವು ಮಳೆಯನ್ನು ದೂರಿದರೆ ಯಾರು ಕೇಳುತ್ತಾರೆ? ಇರಲಿ, ನಾನು ಹೇಳಹೊರಟಿದ್ದು ಮಳೆಯ ವಿಷಯವಲ್ಲ. ಬೇಸ್ ವಿಷಯ.

ನಮ್ಮಕ್ಕನ ಮಗ ಹಗಲೆಲ್ಲ ತೋಟ, ಔಷಧಿ ಹೊಡೆಯುವವರ ಹಿಂದೆ ಓಡಾಟ ಅಂತ ಇರುವವನು, ರಾತ್ರಿ ಊಟವಾದ ಮೇಲೆ ಅಟ್ಟದ ಕೆಳಗಿನ ಕೋಣೆ ಸೇರಿ ಲ್ಯಾಪ್‌ಟಾಪ್ ಬಿಚ್ಚುತ್ತಾನೆ. ಅಡಿಕೆ ಲೆಕ್ಕ ಇರುವುದೂ ಅದರಲ್ಲೇ, ಅವನ ಪ್ರೋಗ್ರೆಸಿವ್ ಹೌಸ್ ಇರುವುದೂ ಅದರಲ್ಲೇ. ನಿಮಿಷಕ್ಕೆ 120ರಿಂದ 128 ಪೆಟ್ಟಿನ ಕುಣಿತದ ಸಂಗೀತ ಅದು, ಆದರೆ ಬಂದ ಕೂಡಲೇ ಕುಣಿಸುವುದಿಲ್ಲ. ಡೆಡ್‌ಮೌಸ್ ಅನ್ನುವ ಕೆನಡಾದವನ ‘ಸ್ಟ್ರೋಬ್’ (2009) ಕೇಳಿಸಿದ. ಹತ್ತು ನಿಮಿಷದ ಮೇಲಿದೆ. ತಾಳ ಬರುವಷ್ಟರಲ್ಲಿ ನಾನು ಒಂದು ಕವಳ ಮುಗಿಸಿದ್ದೆ. “ಎಂಥದೋ ಇದು, ಏನೂ ಆಗ್ತಾನೇ ಇಲ್ಲ?” ಅಂದೆ. “ಮಾವ, ಆಟದಲ್ಲಿ ಒಡ್ಡೋಲಗಕ್ಕೆ ಎಷ್ಟು ಹೊತ್ತು ಬೇಕು?” ಅಂದ. ರಾತ್ರಿಯಿಡೀ ಚಾಪೆ ಹಾಸಿ ಯಕ್ಷಗಾನ ನೋಡಿದವನು ಇದಕ್ಕೆ ಏನೆಂದು ಉತ್ತರಿಸಲಿ?

ಬೇಸ್ ಮಾಡುವುದನ್ನು ಪಕ್ಕದಲ್ಲಿ ಕೂರಿಸಿಕೊಂಡೇ ತೋರಿಸಿದ. ಮೊದಲು ಗರಗಸದ ಹಲ್ಲಿನ ಆಕಾರದ ಒಂದು ಅಲೆ. ಕೇಳಿದರೆ ಬರೀ ಕರ್ಕಶ. ಅದರ ಜೊತೆಗೆ ಅಂಥದ್ದೇ ಇನ್ನೊಂದು, ಆದರೆ ಶ್ರುತಿ ಒಂಚೂರು ತಪ್ಪಿಸಿ. ಪಾಠದ ಮೇಷ್ಟ್ರ ಮುಂದೆ ಹೀಗೆ ತಪ್ಪಿಸಿದ್ದರೆ ಕಿವಿ ಹಿಂಡುತ್ತಿದ್ದರು. ಇಲ್ಲಿ ಅದೇ ಬಂಡವಾಳ! ಎರಡೂ ಸೇರಿದಾಗ ದನಿ ದಪ್ಪಗಾಗಿ ಒಳಗೊಳಗೇ ಅಲುಗತೊಡಗುತ್ತದೆ. ಆಮೇಲೆ ಫಿಲ್ಟರ್ ಹಾಕಿ ಮೇಲಿನ ಕಿರಿಚಾಟವನ್ನೆಲ್ಲ ಸವರಿ ಹಾಕಿದ. ಆ ಫಿಲ್ಟರ್ ಪ್ರತಿ ಸ್ವರಕ್ಕೂ ತುಸು ಬಾಯಿ ತೆರೆದು ಮುಚ್ಚಿಕೊಳ್ಳುವಂತೆ ಎನ್ವಲಪ್ ಕೂರಿಸಿದ. ಕೊನೆಗೆ ಎಲ್ಲದರ ಅಡಿಗೆ, ಒಂದು ಸ್ಥಾಯಿ ಕೆಳಗೆ, ಏರಿಳಿತ ಬಿಟ್ಟರೆ ಬೇರೇನೂ ಇಲ್ಲದ ಸೈನ್ ಅಲೆ. ಸಬ್ ಅನ್ನುವುದು ಅದನ್ನೇ. ಕಿಕ್ ಅನ್ನುವ ಡ್ರಮ್ಮಿನ ಪೆಟ್ಟು ಬಿದ್ದಾಗಲೆಲ್ಲ ಈ ಇಡೀ ಪರಿವಾರ ತಗ್ಗಿ ದಾರಿ ಬಿಡಬೇಕಂತೆ, ಅದಕ್ಕೆ ಸೈಡ್‌ಚೈನ್.

ಇದೆಲ್ಲ ಹೊಸ ಹುಡುಗರ ಕಿತಾಪತಿ ಅಂದುಕೊಂಡಿರಾ? ಮೃದಂಗದವರು ಕಛೇರಿಗೆ ಮುಂಚೆ ಎಡದ ಬದಿಗೆ ರವೆ ಕಲಸಿ ಮೆತ್ತುತ್ತಿದ್ದರಲ್ಲ, ಅದಾದರೂ ಏನು? ಚರ್ಮದ ಭಾರ ಹೆಚ್ಚಿಸಿದರೆ ನಾದ ಕೆಳಗಿಳಿಯುತ್ತದೆ. ರವೆ ಸ್ವಲ್ಪ ಹೆಚ್ಚಾಯಿತೋ ಕೆರೆದು ತೆಗೆಯುವುದು, ಕಡಿಮೆಯಾಯಿತೋ ಇನ್ನೊಂದು ಚಿಟಿಕೆ. ಬಲದ ಬದಿಗೆ ಮೆತ್ತುವ ಕಪ್ಪು ಕರಣೆಯ ಗುಟ್ಟನ್ನು ಸಿ.ವಿ. ರಾಮನ್ ಅವರೇ ಹುಡುಕಿದ್ದರು. ಬೆಂಗಳೂರಿಗೆ ಬಂದ ಮೇಲೆ, 1930ರ ದಶಕದಲ್ಲಿ, ಅದರ ಮೇಲೆ ವಿಸ್ತಾರವಾದ ಲೇಖನವನ್ನೂ ಪ್ರಕಟಿಸಿದರು. ಮಾಮೂಲಿ ಡೋಲಿನ ಚರ್ಮದಲ್ಲಿ ಹುಟ್ಟುವ ಉಪನಾದಗಳು ಒಂದಕ್ಕೊಂದು ಹೊಂದುವುದಿಲ್ಲ, ಕರಣೆ ಹಾಕಿದರೆ ಮೂಲದ ಎರಡರಷ್ಟು, ಮೂರರಷ್ಟು ಅಂತ ಶಿಸ್ತಾಗಿ ಸಾಲುಗಟ್ಟುತ್ತವೆ. ನೊಬೆಲ್ ಬಂದ ಮೇಲೂ ಮೃದಂಗದ ಬೆನ್ನು ಬಿಡದ ಮನುಷ್ಯ!

ಯಂತ್ರದ ಕಥೆಯೂ ನಮ್ಮವರಿಗೆ ದೂರದ್ದಲ್ಲ. ಅಹಮದಾಬಾದಿನ ವಿನ್ಯಾಸ ಶಾಲೆ ಎನ್ಐಡಿಗೆ ಮೂಗ್ ಸಿಂಥ್, ಅಂದರೆ ಕರೆಂಟಿನಿಂದಲೇ ಸ್ವರ ಹುಟ್ಟಿಸುವ ಯಂತ್ರ, ಬಂದಿಳಿದದ್ದು 1969ರಲ್ಲಿ. ಬೆಂಗಳೂರಿನ ಜಿ. ರಾಜ್ ನಾರಾಯಣ್ 1979ರ ಹೊತ್ತಿಗೆ ರಾಡೆಲ್ ಹೆಸರಿನಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಕಟ್ಟಿದರು. ಸಂಗೀತ ಕಲಿಯುವ ಮಕ್ಕಳಿರುವ ಮನೆಗಳಲ್ಲಿ ಆ ಪೆಟ್ಟಿಗೆ ಕಂಡಿದ್ದೀರಲ್ಲ? ಸಂಪ್ರದಾಯಸ್ಥರು ಸಿಂಥ್ ಅಂದರೆ ಮೂಗು ಮುರಿಯುತ್ತಾರೆ, ಪಕ್ಕದಲ್ಲೇ ಒಂದು ಗುಂಯ್ಗುಡುತ್ತಿರುತ್ತದೆ. ಇನ್ನು ಮುಂಬೈಯ ಚರಣ್‌ಜಿತ್ ಸಿಂಗ್. ಹಿಂದಿ ಸಿನಿಮಾಗಳಿಗೆ ಬೇಸ್ ಗಿಟಾರ್ ನುಡಿಸುತ್ತಿದ್ದ ಆತ 1982ರಲ್ಲಿ ರೋಲ್ಯಾಂಡಿನ ಟಿಬಿ-303, ಟಿಆರ್-808, ಜ್ಯೂಪಿಟರ್-8 ಮೂರನ್ನು ಮುಂದಿಟ್ಟುಕೊಂಡು ಡಿಸ್ಕೋ ತಾಳಕ್ಕೆ ಹತ್ತು ರಾಗ ನುಡಿಸಿ ತಟ್ಟೆ ತಂದರು. ಯಾರೂ ಕ್ಯಾರೆ ಅನ್ನಲಿಲ್ಲ. ಅದೇ 303 ಬೇಸ್ ಯಂತ್ರ ಅಮೆರಿಕದಲ್ಲೂ ಬಿಕರಿಯಾಗದೆ ಸೆಕೆಂಡ್ ಹ್ಯಾಂಡ್ ಅಂಗಡಿ ಸೇರಿ, ಷಿಕಾಗೋ ಹುಡುಗರ ಕೈಗೆ ಸಿಕ್ಕಿ, 1987ರಲ್ಲಿ ‘ಆಸಿಡ್ ಟ್ರ್ಯಾಕ್ಸ್’ ಅಂತ ಹೊರಬಂದು ಒಂದು ಪ್ರಕಾರವನ್ನೇ ಹುಟ್ಟಿಸಿತು. 2010ರಲ್ಲಿ ಸಿಂಗರ ತಟ್ಟೆ ಮತ್ತೆ ಬಂದಾಗ ಲೋಕವೆಲ್ಲ ಕಣ್ಣರಳಿಸಿ, ಇದು ಷಿಕಾಗೋದವರದಕ್ಕಿಂತ ಐದು ವರ್ಷ ಹಿಂದಿನದಲ್ಲವೇ ಅಂದಿತು. ಅಷ್ಟು ಹೊತ್ತಿಗೆ ಅವರಿಗೆ ಎಪ್ಪತ್ತರ ಆಸುಪಾಸು.

ಎಲ್ಲಿದ್ದೆ? ಹಾಂ, ಅಟ್ಟದ ಕೆಳಗೆ. 40 ಹರ್ಟ್ಸ್‌ನ ಒಂದು ಅಲೆ ಎಂಟೂವರೆ ಮೀಟರ್ ಉದ್ದ. ಅಂದರೆ ಸ್ವರ ಕೋಣೆಗಿಂತ ದೊಡ್ಡದು. ಹಾಸಿಗೆಯ ಮೇಲೆ ಕೂತರೆ ಬೇಸ್ ಎದೆಗೆ ಗುದ್ದುತ್ತದೆ, ಮೇಜಿನ ಹತ್ತಿರ ಬಂದರೆ ನಾಪತ್ತೆ. ಮೊಬೈಲಿನ ಕಡ್ಲೆಬೀಜದ ಸ್ಪೀಕರಿಗಂತೂ 40 ಹರ್ಟ್ಸ್ ಹೊರಡಿಸುವುದೇ ಅಸಾಧ್ಯ. ಅದಕ್ಕೆ ಇವನು ಸಬ್ ಅನ್ನು ತುಸು ಒಡೆಯುವಂತೆ ಮಾಡಿ 80, 120 ಹೀಗೆ ಮೇಲಿನ ಉಪನಾದಗಳನ್ನು ಹುಟ್ಟಿಸುತ್ತಾನೆ. ಅವು ಕೇಳಿದರೆ ಸಾಕು, ಇಲ್ಲದ ಮೂಲಸ್ವರವನ್ನು ನಮ್ಮ ತಲೆ ತಾನೇ ತುಂಬಿಕೊಳ್ಳುತ್ತದೆ. ಇಂಥ ತಲೆ ಇಟ್ಟುಕೊಂಡು ನಾವು ಕೋರ್ಟಿನಲ್ಲಿ ಕಿವಿಯಾರೆ ಕೇಳಿದೆ ಅಂತ ಸಾಕ್ಷಿ ಹೇಳುತ್ತೇವೆ.

ಒಮ್ಮೆ ಇವನ ಬೇಸ್ ಬಹಳ ಸೊಗಸಾಗಿ ಉಸಿರಾಡತೊಡಗಿತು. ಸೆಕೆಂಡಿಗೊಂದರಂತೆ ಉಬ್ಬುವುದು, ಇಳಿಯುವುದು. ಬೀಗಿಹೋದ. ಚಾರ್ಜರ್ ಕಿತ್ತ ಕೂಡಲೇ ಉಸಿರು ನಿಂತಿತು! ಆಗಿದ್ದು ಇಷ್ಟೇ: ಅವನ ಸ್ವರ 49 ಹರ್ಟ್ಸ್, ಅರ್ಥಿಂಗ್ ಸರಿಯಿಲ್ಲದ ವೈರಿಂಗಿನಿಂದ ಸ್ಪೀಕರಿಗೆ ನುಸುಳಿದ ಕರೆಂಟಿನ ಗುಂಯ್ 50. ಒಂದರ ಅಂತರಕ್ಕೆ ಸೆಕೆಂಡಿಗೊಂದು ಮಿಡಿತ. ಅರ್ಥಿಂಗ್ ಸರಿಮಾಡಿಸಿಯಾಯಿತು, ಈಗ ಆ ಉಬ್ಬರವನ್ನು ಕೈಯಾರೆ ಮಾಡಲು ಒದ್ದಾಡುತ್ತಾನೆ.

ಮಳೆಯದ್ದೂ ಕಾಟವೇ. ಹಿಂದಿನ ಮಾಡಿಗೆ ತಗಡು. ಜೋರು ಮಳೆಯಲ್ಲಿ ಸಣ್ಣ ಸದ್ದುಗಳೆಲ್ಲ ಮುಳುಗಿ ಹೋಗುತ್ತವೆ, ಉಳಿಯುವುದು ಬೇಸ್ ಒಂದೇ. ಆಗ ಕೂತು ಸದ್ದು ಹೊಂದಿಸಿದರೆ ಮೇಲಿನದನ್ನೆಲ್ಲ ಏರಿಸಿಬಿಡುತ್ತಾನೆ. ಹೊಳವಾದ ದಿನ ಕೇಳಿದರೆ ಜೀರುಂಡೆ ಕಿವಿಯೊಳಗೇ ಸಂಸಾರ ಹೂಡಿದ ಹಾಗೆ. ಹಾಗಾಗಿ ಆಷಾಢದಲ್ಲಿ ಬೇಸ್ ಕೆಲಸ ಮಾತ್ರ, ಮಿಕ್ಕಿದ್ದು ದೀಪಾವಳಿ ಕಳೆದ ಮೇಲೆ.

ನಮ್ಮಕ್ಕನಿಗೆ ಹರ್ಟ್ಸ್, ಫಿಲ್ಟರ್ ಯಾವುದೂ ಬೇಡ. ಅವಳಿಗೆ ಗೊತ್ತಿರುವುದು ಗೋಡೆಯಾಚೆ, ಅಡುಗೆಮನೆಯ ಸ್ಟ್ಯಾಂಡಿನಲ್ಲಿರುವ ದೊಡ್ಡ ಪಾತ್ರೆಯ ಮುಚ್ಚಳ. ಬೇಸ್ ಬೇರೆ ಎಲ್ಲಿ ಬೇಕಾದರೂ ಅಲೆಯಲಿ, ಎಫ್ ಸ್ವರ ಮುಟ್ಟಿತೋ ಆ ಮುಚ್ಚಳ ಗಲಗಲ ಅನ್ನುತ್ತದೆ. “ಅದೊಂದು ಬಿಟ್ಟು ಯಾವ್ದು ಬೇಕಾದ್ರೂ ಬಾರಿಸ್ಕೊಳ್ಳೋ ಮಾರಾಯ” ಅಂತ ಒಳಗಿಂದ ಕೂಗುತ್ತಾಳೆ. ಮುಚ್ಚಳದ ಕೆಳಗೊಂದು ಬಟ್ಟೆ ಇಟ್ಟರೆ ಮುಗಿಯಿತಲ್ಲ ಅಂತ ನಾನು ಸಲಹೆ ಕೊಟ್ಟೆ. ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈಚೆಗೆ ಅವನ ಹಾಡುಗಳೆಲ್ಲ ಜಿಗೆ ಏರಿವೆ.