ಫಿಕರಿಗೆ ಎಷ್ಟು ಅಂಕ?

ಬೀದರಿನಲ್ಲಿ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ, ದವಾಖಾನಿಗೆ ಹೋಗುತ್ತಾರೆ. ತಬಿಯತ್ತು ಕೆಟ್ಟಿರುತ್ತದೆ, ತಕಲೀಫು ಆಗಿರುತ್ತದೆ, ಡಾಕ್ಟರು ಇಲಾಜು ಮಾಡುತ್ತಾರೆ. ದವಾ, ತಬಿಯತ್, ತಕಲೀಫ್, ಇಲಾಜ್ ಎಲ್ಲವೂ ಅರಬ್ಬೀ ಮೂಲದ ಮಾತುಗಳು. ಪಾರಸಿಯ ಬೆನ್ನೇರಿ, ಉರ್ದುವಿನ ಅಂಗಳ ದಾಟಿ ನಮ್ಮ ಪಡಸಾಲೆಯಲ್ಲಿ ಬಂದು ಕೂತು ಎಷ್ಟು ಕಾಲವಾಯಿತೆಂದರೆ, ಅವು ಹೊರಗಿನವು ಎಂದು ಹೇಳಿದರೆ ಔರಾದ ಕಡೆಯ ಮುದುಕಿ ನಕ್ಕುಬಿಡುತ್ತಾಳೆ. ಆಕೆಗೆ ಪರಭಾಷೆ ಎಂದರೆ ‘ಖಿನ್ನತೆ’.

ಇದು ನನಗೆ ಹೊಳೆದದ್ದು ಅಣ್ಣನ ಮಗಳ ದೆಸೆಯಿಂದ. ನರ್ಸಿಂಗ್ ಕೊನೆಯ ವರ್ಷದಲ್ಲಿ ಅವಳಿಗೆ ಒಂದು ಪ್ರಾಜೆಕ್ಟ್ ಇತ್ತು. ಭಾಲ್ಕಿ ಮತ್ತು ಔರಾದ ತಾಲೂಕಿನ ಒಂದೆರಡು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಪ್ರಶ್ನಾವಳಿ ತುಂಬಿಸಿಕೊಂಡು ಬರಬೇಕು. ಒಬ್ಬಳನ್ನೇ ಕಳಿಸಲು ಮನೆಯವರಿಗೆ ಮನಸ್ಸಿಲ್ಲ. ಮೇಷ್ಟರಿಕೆಯಿಂದ ನಿವೃತ್ತನಾಗಿ ಪೇಪರು ಓದುತ್ತ ಕೂತಿದ್ದ ನಾನು ಜತೆಗಾರನಾದೆ.

ಪ್ರಶ್ನಾವಳಿಯ ಹೆಸರು ಪಿಎಚ್‌ಕ್ಯೂ-9. ಅಮೆರಿಕದ ವೈದ್ಯರು 2001ರಲ್ಲಿ ಪ್ರಕಟಿಸಿದ್ದು, ಈಗ ಜಗತ್ತಿನ ತುಂಬ ಬಳಕೆಯಲ್ಲಿದೆ. ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ಹತ್ತು ಮುಟ್ಟಿದರೆ ವೈದ್ಯರು ಕೂತು ಮಾತಾಡಿಸಬೇಕು ಎಂದು ಲೆಕ್ಕ. ಅರಬ್ಬಿಯಲ್ಲೂ ಇದೆ, ಕನ್ನಡದಲ್ಲೂ ಇದೆ. ಆದರೆ ಕನ್ನಡ ಎಂದರೆ ಯಾವ ಕನ್ನಡ?

‘ಕಳೆದ ಎರಡು ವಾರಗಳಲ್ಲಿ’ ಎಂದು ಶುರು ಮಾಡಿದರೆ ಎದುರಿಗಿದ್ದವರ ಮುಖ ಖಾಲಿ. ‘ಅಮಾಸಿಯಿಂದ ಹುಣ್ಣಿಮಿ ತನಕ’ ಎಂದರೆ ಕೂಡಲೇ ಬೆಳಕು. ‘ಕೆಲಸದಲ್ಲಿ ಆಸಕ್ತಿ ಕಡಿಮೆಯಾಗಿದೆಯೇ?’ ಎಂಬುದಕ್ಕೆ ಔರಾದ ಕಡೆಯ ಒಬ್ಬ ಹೆಣ್ಣುಮಗಳು ನಮ್ಮನ್ನೇ ಕೇಳಿದಳು: “ಆಸಕ್ತಿ ಇಲ್ಲಂದ್ರ ತೊಗರಿ ಕೊಯ್ಯೋರು ಯಾರ್ರೀ?” ಹುಡುಗಿ ಸೊನ್ನೆ ಬರೆದಳು. ‘ನಿಮ್ಮ ಬಗ್ಗೆ ನಿಮಗೇ ಕೀಳರಿಮೆ?’ ಎಂದಾಗ ಆಕೆ ಗಂಡನ ಮುಖ ನೋಡಿದಳು. ಅಲ್ಲಿಗೂ ಸೊನ್ನೆ. ಗಡಿಯ ಆ ಊರುಗಳಲ್ಲಿ ಮರಾಠಿಯೂ ಕೂಡಿಕೊಳ್ಳುತ್ತದೆ. ಒಂದೇ ವಾಕ್ಯದಲ್ಲಿ ಮೂರು ಭಾಷೆ ಇರುತ್ತವೆ, ಪ್ರಶ್ನಾವಳಿಯಲ್ಲಿರುವ ಕನ್ನಡ ಮಾತ್ರ ಇರುವುದಿಲ್ಲ.

ರಾತ್ರಿ ಫೋನು ಹಿಡಿದು ಕೂತು, ಅರಬ್ಬೀ ನಾಡುಗಳಲ್ಲಿ ಇದನ್ನು ಹೇಗೆ ಮಾಡುತ್ತಾರೆ ಎಂದು ಹುಡುಕತೊಡಗಿದೆ. ನಮ್ಮ ಮನೆಯ ಹಿಂದಿನ ಓಣಿಯವರೊಬ್ಬರು ಸೌದಿಯಲ್ಲಿ ಡ್ರೈವರಾಗಿದ್ದು ಬಂದವರು. ಕುತೂಹಲ ಹುಟ್ಟಿದ್ದು ಅವರಿಂದಲೇ. ಮೈಮನಸ್ಸು ಸರಿಯಿಲ್ಲದಾಗ ಅಲ್ಲಿಯವರು ಎದೆ ಇಕ್ಕಟ್ಟಾಗಿದೆ ಎನ್ನುತ್ತಾರಂತೆ. ‘ದೀಖ್’ ಎಂದರೆ ಇಕ್ಕಟ್ಟು, ‘ಸದ್ರ್’ ಎಂದರೆ ಎದೆ. ನಮ್ಮವರು ‘ಎದಿ ಒತ್ತಿ ಹಿಡದಂಗ ಆಗ್ತದ’ ಎನ್ನುವುದಿಲ್ಲವೇ? ಅಲ್ಲಿಯ ಸಂಶೋಧಕರನ್ನೂ ಇದೇ ಕಾಡಿದೆ. ಪುಸ್ತಕದ ಅರಬ್ಬೀ ಒಂದು, ಮಾತಿನ ಅರಬ್ಬೀ ಇನ್ನೊಂದು. ಕೈರೋದ ಮಾತು ಮೊರಾಕೊದಲ್ಲಿ ನಡೆಯದು. ಖಿನ್ನತೆಗೆ ಅವರ ಪುಸ್ತಕದ ಶಬ್ದ ‘ಇಕ್ತಿಆಬ್’. ಹಳ್ಳಿಯವರು ಡಾಕ್ಟರ ಮುಂದೆ ಹೇಳುವುದು ಎದೆ, ತಲೆ, ಬೆನ್ನು. ಹೇಗಿದ್ದೀರಿ ಎಂದರೆ ಎಷ್ಟೇ ಸಂಕಟವಿದ್ದರೂ ಮೊದಲ ಉತ್ತರ ‘ಅಲ್‌ಹಮ್ದುಲಿಲ್ಲಾಹ್’, ದೇವರಿಗೆ ಸ್ತುತಿ. ಅದನ್ನೇ ಉತ್ತರವೆಂದು ಬರೆದುಕೊಂಡರೆ ಊರಲ್ಲಿ ಯಾರಿಗೂ ಕಾಯಿಲೆಯೇ ಇಲ್ಲ. ನಮ್ಮಲ್ಲೂ ‘ದೇವರು ಆರಾಮ ಇಟ್ಟಾನ’ ಎನ್ನದೆ ಯಾರು ಮಾತು ಶುರು ಮಾಡುತ್ತಾರೆ?

ಹುಡುಕುತ್ತ ಹೋದಂತೆ ಅಬೂ ಝೈದ್ ಅಲ್-ಬಲ್ಖಿ ಸಿಕ್ಕ. ಒಂಬತ್ತು-ಹತ್ತನೆಯ ಶತಮಾನದವನು, ಬಲ್ಖದವನು, ಬರೆದದ್ದು ಅರಬ್ಬಿಯಲ್ಲಿ. ದೇಹದ ಆರೋಗ್ಯ, ಮನಸ್ಸಿನ ಆರೋಗ್ಯ ಎರಡನ್ನೂ ಒಂದೇ ಪುಸ್ತಕದಲ್ಲಿ ಕೂಡಿಸಿದ. ದುಃಖದಲ್ಲಿ ಎರಡು ಬಗೆ ಎಂದ: ಕಾರಣ ಗೊತ್ತಿರುವುದು, ಕಾರಣವೇ ಗೊತ್ತಾಗದೆ ಬರುವುದು. ಮನಸ್ಸು ಬಿಡದೆ ಕೊರೆಯುವ ಯೋಚನೆಗಳನ್ನು ‘ವಸ್ವಾಸ್’ ಎಂದು ಕರೆದ; ಗೀಳುರೋಗಕ್ಕೆ ಇಂದಿನ ಅರಬ್ಬೀ ವೈದ್ಯರ ಶಬ್ದವೂ ಅದೇ. ಬೀದರಿನ ದಖನಿ ಮನೆಗಳಲ್ಲೂ ವಸ್ವಸಾ ಎಂಬ ಮಾತು ಕಿವಿಗೆ ಬೀಳುತ್ತದೆ. ಮಹಮೂದ್ ಗಾವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಮುಂದೆ ದಿನವೂ ಹಾಯುತ್ತೇನೆ. ಉಳಿದ ಬಣ್ಣದ ಹೆಂಚುಗಳಲ್ಲಿ ಅರಬ್ಬೀ ಅಕ್ಷರಗಳು ಈಗಲೂ ಕಾಣುತ್ತವೆ. ಅವನ್ನು ಓದಲು ನಮಗೆ ಬಾರದು, ಆ ನುಡಿಯ ‘ಫಿಕ್ರ್’ ಮಾತ್ರ ನಮ್ಮ ಬಾಯಲ್ಲಿ ‘ಫಿಕರ್’ ಆಗಿ ಉಳಿದಿದೆ. ಅಲ್ಲಿ ಅದಕ್ಕೆ ಬರೀ ವಿಚಾರ ಎಂದರ್ಥ, ಇಲ್ಲಿ ಚಿಂತೆ. ವಿಚಾರ ಮಾಡುವುದೇ ಚಿಂತೆಗೆ ದಾರಿ ಎಂದು ದಾರಿಯಲ್ಲಿ ಯಾರೋ ಅನುಭವಸ್ಥರು ತೀರ್ಮಾನಿಸಿರಬೇಕು.

ಇದು ಶಬ್ದದ ಚಪಲವಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಶೇ. 10.6ರಷ್ಟು ವಯಸ್ಕರಿಗೆ ಯಾವುದೋ ಮಾನಸಿಕ ಕಾಯಿಲೆ ಇತ್ತು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಸಮೀಕ್ಷೆ ನಡೆಸಿದ್ದು ಬೆಂಗಳೂರಿನ ನಿಮ್ಹಾನ್ಸ್, ಆದರೆ ಆಗ ಎಣಿಸಿದ 12 ರಾಜ್ಯಗಳಲ್ಲಿ ಕರ್ನಾಟಕವೇ ಇರಲಿಲ್ಲ. ಮಾನಸಿಕ ಚಿಕಿತ್ಸೆಯನ್ನು ಜಿಲ್ಲೆಯ ಮಟ್ಟಕ್ಕೆ ಇಳಿಸುವ ಪ್ರಯೋಗವನ್ನು ಅದೇ ಸಂಸ್ಥೆ 1980ರ ದಶಕದಲ್ಲಿ ಮಾಡಿದ್ದು ನಮ್ಮ ಬಳ್ಳಾರಿಯಲ್ಲಿ. 1996ರಲ್ಲಿ ಅದೇ ದೇಶದ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಕಾರ್ಯಕ್ರಮ ಹಳ್ಳಿಯ ತನಕ ಬರುತ್ತದೆ. ಹಾಳೆಯ ಮೇಲೆ ಸೊನ್ನೆ ಬಿದ್ದವರ ಮನೆಯ ಕದ ಮಾತ್ರ ಅದು ತಟ್ಟುವುದಿಲ್ಲ.

ತೊಗರಿಯ ಮಾತಾಡಿದ ಆ ಹೆಣ್ಣುಮಗಳ ಒಟ್ಟು ಅಂಕ ನಾಲ್ಕು. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು. ಅದಕ್ಕೂ ಆಕೆ ‘ಛೇ, ಇಲ್ರೀ’ ಎಂದಿದ್ದಳು. ಗಂಡ ಎದ್ದು ದನದ ಕೊಟ್ಟಿಗೆಗೆ ಹೋದ ಮೇಲೆ ಚಾ ಬಂತು. ಹುಡುಗಿ ಹಾಳೆ ಮಡಿಚಿ ಚೀಲದಲ್ಲಿಟ್ಟು, “ನಿದ್ದಿ ಹತ್ತತದೇನವ್ವಾ?” ಎಂದಳು. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಫಿಕರ್ ಹತ್ಯಾದ” ಎಂದಳು. ಮಗ ಪುಣೆಗೆ ಹೋದಾಗಿನಿಂದ ರಾತ್ರಿ ಮೂರಕ್ಕೆ ಎಚ್ಚರಾಗುತ್ತದೆ, ಬಾವಿಕಟ್ಟೆಗೆ ಹೋಗಿ ಕೂಡುತ್ತಾಳೆ. “ಜೀವ ಸಾಕಾಗ್ಯಾದ ತಂಗಿ.”

ನಮ್ಮ ಕಡೆ ಬಿಸಿಲು ಹೆಚ್ಚಾದರೂ ಜೀವ ಸಾಕಾಗುತ್ತದೆ, ಬಸ್ಸು ಬರದಿದ್ದರೂ ಸಾಕಾಗುತ್ತದೆ. ನಾನಾಗಿದ್ದರೆ ತಲೆಯಾಡಿಸಿ ಚಾ ಕುಡಿಯುತ್ತಿದ್ದೆ. ಹುಡುಗಿ ಬಿಡಲಿಲ್ಲ. ಬಾವಿಕಟ್ಟೆಯ ಮೇಲೆ ಕೂತಾಗ ಬೀಳಬೇಕು ಅನಿಸುತ್ತದೆಯೇ ಎಂದು ನೇರ ಕೇಳಿದಳು. ನನಗೆ ಎದೆ ಝಲ್ಲೆಂದಿತು. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದದ್ದು ಹೇಳಲು ಬಾಗಿಲು ತೆರೆಯುತ್ತದೆ ಎಂದು ಆಮೇಲೆ ಹಾದಿಯಲ್ಲಿ ನನಗೆ ಪಾಠ ಹೇಳಿದಳು. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಹೌದೆಂದಳು.

ಆ ಸಂಜೆ ನಾದಿನಿಯನ್ನು ಕರೆಸಿ, ರಾತ್ರಿ ಆಕೆಯ ಪಕ್ಕ ಮಲಗುವಂತೆ ಹೇಳಿ, ಮರುದಿನವೇ ಬೀದರಿನ ದವಾಖಾನಿಗೆ ಕರೆದುಕೊಂಡು ಬಂದೆವು. ಅಡ್ಡಹೊತ್ತಿನಲ್ಲಿ ಬೇಕಾದರೆ ಇರಲಿ ಎಂದು ಟೆಲಿ-ಮಾನಸ್‌ನ 14416 ನಂಬರನ್ನು ನಾದಿನಿಯ ಫೋನಿನಲ್ಲಿ ಉಳಿಸಿಕೊಟ್ಟೆವು. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಪುಕ್ಕಟೆ ಸಹಾಯವಾಣಿ ಅದು, ಕನ್ನಡದಲ್ಲೂ ಮಾತಾಡುತ್ತಾರೆ. ನಾದಿನಿ ಅದನ್ನು ‘ಫಿಕರ್ ನಂಬರ್’ ಎಂದು ಸೇವ್ ಮಾಡಿಸಿದಳು. ಗುಳಿಗೆ ಶುರುವಾಯಿತು. ತಿಂಗಳಿಗೊಮ್ಮೆ ನಾದಿನಿಯೊಂದಿಗೆ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ಒಮ್ಮೆ ನಮ್ಮ ಮನೆಗೆ ಸೇರಷ್ಟು ತೊಗರಿಬೇಳೆ ತಂದಿದ್ದಳು.

ಪ್ರಾಜೆಕ್ಟಿನ ಹಾಳೆಯಲ್ಲಿ ಅಂಕ ನಾಲ್ಕೇ ಉಳಿಯಿತು. ಕೇಳಿ ಮುಗಿದ ಮೇಲೆ ತಿದ್ದುವಂತಿಲ್ಲವಂತೆ, ಅದು ನಿಯಮ. ಹುಡುಗಿ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬಾವಿಕಟ್ಟೆ ಎಂದು ಬರೆದು, ತನ್ನ ನೋಟುಬುಕ್ಕಿನ ಕೊನೆಯ ಪುಟದಲ್ಲಿ ಬೇರೊಂದು ಪಟ್ಟಿ ಶುರು ಮಾಡಿದಳು: ಎದಿ ಒತ್ತತದ, ಜೀವ ಸಾಕಾಗ್ಯಾದ, ತಲಿ ಸುದ್ದ ಇಲ್ಲ, ದಿಲ್ ಘಬರಾತಾ, ಕಾಯ್ ಸುಚತ್ ನಾಹೀ. ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಕೂತಾಗಲೂ ಅವಳ ಕಿವಿ ಪಕ್ಕದ ಬೆಂಚಿನ ಕಡೆಗೇ ಇರುತ್ತದೆ. ಪುಟ ತುಂಬಿದೆ, ಈಗ ಒಳರಟ್ಟಿನ ಮೇಲೆ ಬರೆಯುತ್ತಿದ್ದಾಳೆ.